ಮಂಡಿಯೂರುವವರು ಇಬ್ಬರೇ

ಜನವರಿ 17, ಶನಿವಾರ

ಅಪ್ಪನಿಗೆ,

ಇವತ್ತು ಬೆಳಿಗ್ಗೆ ಚರ್ಚಿನ ಬಾಗಿಲ ಹೊರಗೆ ಒಂದೇ ಒಂದು ಜೊತೆ ಚಪ್ಪಲಿ ಇತ್ತು. ಒಳಗೆ ಇನ್ನೂರು ಜನ, ಎಲ್ಲರೂ ಚಪ್ಪಲಿ, ಬೂಟು ಹಾಕಿಕೊಂಡೇ ಕೂತಿದ್ದರು. ಬಿಟ್ಟು ಬಂದವರು ನಮ್ಮಂಥವರೇ ಯಾರೋ ಇರಬೇಕು ಎಂದು ಕಣ್ಣಲ್ಲೇ ಹುಡುಕಿದೆ. ಮೂರನೇ ಸಾಲಿನಲ್ಲಿ ಒಬ್ಬ ಅಜ್ಜಿ ಬರಿಗಾಲಲ್ಲಿ ಕೂತಿದ್ದರು. ನೆಲದ ತಣುಪಿಗೆ ಒಂದು ಪಾದವನ್ನು ಇನ್ನೊಂದರ ಮೇಲಿಟ್ಟುಕೊಂಡು, ಸ್ವಲ್ಪ ಹೊತ್ತಿಗೊಮ್ಮೆ ಅದಲುಬದಲು ಮಾಡುತ್ತಿದ್ದರು. ಯಾರೂ ಅವರಿಗೆ ಏನೂ ಹೇಳಲಿಲ್ಲ. ಚಪ್ಪಲಿ ಹಾಕಿಕೊಂಡೇ ಹೋಗಿದ್ದ ನನಗೆ ಮಾತ್ರ ಅವರನ್ನು ನೋಡಿ ಸಂಕೋಚವಾಯಿತು.

ಫೋನ್ ಮಾಡದೆ ಪತ್ರ ಯಾಕೆ ಅನ್ನಬೇಡಿ. ಟೈಲ್ಸ್ ಕತ್ತರಿಸುವ ಮೆಷಿನ್ನು ನಿಮ್ಮ ಕಿವಿ ತಿಂದ ಮೇಲೆ ಫೋನಿನಲ್ಲಿ ಕಿರುಚಬೇಕಾಗುತ್ತದೆ. ನನಗೆ ಕಿರುಚಲು ಬರುವುದಿಲ್ಲ. ಅಕ್ಕನಿಗೆ ಬರುತ್ತದೆ, ಆದರೆ ನೀವಿಬ್ಬರೂ ಮಾತು ಬಿಟ್ಟು ಐದು ತಿಂಗಳಾಯಿತು.

ನಾನು ಹೋಗಿದ್ದು ಗುರುತೇ ಇಲ್ಲದವರ ಮದುವೆಗೆ. ಅಕ್ಕನೇ ಕಳಿಸಿದಳು. ಅವಳ ಮದುವೆ ಅದೇ ಚರ್ಚಿನಲ್ಲಿ, ಮೇ ಒಂಬತ್ತನೇ ತಾರೀಕು. ನಮ್ಮ ಕಡೆಯಿಂದ ಬರುವ ನಲವತ್ತು ಜನರಲ್ಲಿ ಕ್ಯಾಥೊಲಿಕ್ ಮದುವೆ ನೋಡಿದವರು ಒಬ್ಬರೂ ಇಲ್ಲ. "ನೀನು ಸಾಹಿತ್ಯ ಓದಿದವಳಲ್ವಾ, ಹೋಗಿ ನೋಡ್ಕೊಂಡು ಬಾ. ಏನು ಮಾಡ್ಬೇಕು, ಏನು ಮಾಡ್ಬಾರ್ದು ಅಂತ ಒಂದು ಪುಟ ಬರ್ಕೊಡು. ಆಮಂತ್ರಣದ ಜೊತೆ ಇಡ್ತೀನಿ" ಅಂದಳು. ಪ್ರೆಸ್ಸಿನಲ್ಲಿ ಕೂತು ಬೇರೆಯವರ ತಪ್ಪು ತಿದ್ದುವವಳಿಗೆ ಸ್ವಂತಕ್ಕೆ ಬರೆಯಲು ಸಿಕ್ಕ ಮೊದಲ ಕೆಲಸ ಇದು.

ಕೊನೆಯ ಬೆಂಚಿನಲ್ಲಿ ಕೂತು ಗುರುತು ಹಾಕಿಕೊಂಡೆ. ಮದುಮಗಳು ಒಳಗೆ ಬರುವ ಮೊದಲೇ ನಾವು ಕೂತಿರಬೇಕು. ತಡವಾದರೆ ಅವಳ ಹಿಂದೆ ನಡೆದು ಬರಬಾರದು, ಬಾಗಿಲಲ್ಲೇ ನಿಂತು ಅವಳು ಮುಂದೆ ತಲುಪಿದ ಮೇಲೆ ಪಕ್ಕದಿಂದ ಜಾರಿಕೊಳ್ಳಬೇಕು. ಭುಜ ಮುಚ್ಚುವ ಬಟ್ಟೆ ಇದ್ದರೆ ಒಳ್ಳೆಯದು. ಎಲ್ಲರೂ ಎದ್ದಾಗ ಏಳುವುದು ಮರ್ಯಾದೆ. ಮಂಡಿಯೂರಿದಾಗ ನಾವೂ ಊರಲೇಬೇಕೆಂದಿಲ್ಲ, ಸುಮ್ಮನೆ ಕೂತಿರಬಹುದು. ಕೊನೆಗೆ ಜನ ಸಾಲಾಗಿ ಹೋಗಿ ಪಾದ್ರಿಯಿಂದ ತೆಳ್ಳಗೆ ಬಿಳಿ ಬಿಲ್ಲೆಯಂಥ ರೊಟ್ಟಿ ತೆಗೆದುಕೊಂಡರು. ಅದಕ್ಕೆ ಪರಮಪ್ರಸಾದ ಎನ್ನುತ್ತಾರೆ. ಅದು ಅವರಿಗೆ ಮಾತ್ರ. ಸಾಲು ಎದ್ದಿತೆಂದು ನಾನೂ ಎದ್ದಿದ್ದೆ. ಪಕ್ಕದ ಹೆಂಗಸು ನನ್ನ ಮುಖ ನೋಡಿ, "ಕೂತ್ಕೊಳ್ಳಮ್ಮ, ನಿನ್ನನ್ನ ಯಾರೂ ಎಣಿಸ್ತಾ ಇಲ್ಲ" ಅಂದರು.

ಇದನ್ನೆಲ್ಲ ನಿಮಗೆ ಯಾಕೆ ಬರೆದೆ ಎಂದು ನಾನು ಹೇಳುವುದಿಲ್ಲ, ನೀವೂ ಕೇಳಬೇಡಿ.

ನಿಮ್ಮ
ಇಲಿಮರಿ


ಜನವರಿ 31

ಇಲಿಮರಿಗೆ,

ಕಾಗದ ಬಂತು. ನಾನು ಬರಲ್ಲ. ಅದನ್ನ ಮೊದಲೇ ಹೇಳಿಬಿಡ್ತೀನಿ, ನೀನು ಆಸೆ ಇಟ್ಕೊಂಡು ಕೂರಬಾರ್ದು.

ತಿಳ್ಕೊಳ್ಳೋಕೆ ಅಂತ ಎರಡು ಮೂರು ವಿಷಯ ಕೇಳ್ತೀನಿ, ಅಷ್ಟೆ. ಈ ಆಸ್ಪತ್ರೆ ಕಟ್ಟಡದ ಕೆಲಸದಲ್ಲಿ ನನ್ನ ಜೊತೆ ಒಬ್ಬ ಪೈಂಟರ್ ಇದ್ದಾನೆ, ಅವನಿಗೆ ಗೊತ್ತಿಲ್ಲದ್ದು ಭೂಮಿ ಮೇಲಿಲ್ಲ. ಅಲ್ಲಿ ಬಾಯಿಗೆ ಇಡೋ ರೊಟ್ಟಿ ನುಂಗಿದ್ರೆ ನೀನೂ ಅವರವನೇ ಆಗಿಬಿಟ್ಟೆ ಅಂತ ಹೆದರಿಸ್ತಾನೆ. ನಾನಂದೆ, ನಲವತ್ತು ವರ್ಷದಿಂದ ಯಾರ್ಯಾರ ಮನೆಯದ್ದೋ ಊಟ ನುಂಗಿದೀನಿ, ಯಾವ ಮನೆಯವನೂ ಆಗ್ಲಿಲ್ಲ.

ಸಿನಿಮಾದಲ್ಲಿ ಪಾದ್ರಿ ಕೇಳ್ತಾನಲ್ಲ, ಈ ಮದುವೆಗೆ ಯಾರದಾದ್ರೂ ಅಡ್ಡಿ ಇದ್ರೆ ಈಗಲೇ ಹೇಳಿ ಅಂತ. ಅದು ನಿಜವಾ? ಆವಾಗ ಒಬ್ಬ ಎದ್ದು ನಿಂತರೆ ಏನಾಗತ್ತೆ? ಸುಮ್ನೆ ಕೇಳಿದೆ.

ಮಂಡಿಯೂರದೆ ಕೂತಿರಬಹುದು ಅಂತ ಬರೆದಿದೀಯ. ಕೂತವನನ್ನ ಜನ ಹೇಗೆ ನೋಡ್ತಾರೆ ಅಂತ ಬರೀಲಿಲ್ಲ. ಊರವರ ಅಡುಗೆಮನೆ, ಬಚ್ಚಲುಮನೆ ಅಂತ ನಲವತ್ತು ವರ್ಷ ಮಂಡಿಯೂರಿದವನು ನಾನು. ಬಲಮಂಡಿ ಮುಗೀತು ಅಂದಿದ್ದಾರೆ ಡಾಕ್ಟರು. ಇನ್ನು ದೇವರೇ ಎದುರಿಗೆ ಬಂದ್ರೂ ನಿಂತ್ಕೊಂಡೇ ಮಾತಾಡ್ಸೋದು ನಾನು.

ಅವಳು ಫ್ರಿಜ್ ರಿಪೇರಿಯವನನ್ನ ಮಾಡ್ಕೊಂಡಳು ಅಂತ ನನಗೆ ಸಿಟ್ಟಿಲ್ಲ. ಅವನು ಯಾವ ದೇವರಿಗೆ ಕೈ ಮುಗೀತಾನೆ ಅಂತಲೂ ಇಲ್ಲ. "ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ" ಅಂದೆ. "ಹೇಳೋಕೆ ಬಂದಿದೀನಪ್ಪ, ಕೇಳೋಕಲ್ಲ" ಅಂದಳು. ಆ ಜಗಳಗಂಟಿ ಹಾಗೇ ಅಂದಳು. ನಿನ್ನ ಎದುರಿಗೇ.

ನೆಲ ತಣ್ಣಗಿತ್ತು ಅಂತ ಬರೆದೆ, ಯಾವ ನೆಲ ಅಂತ ಬರೀಲಿಲ್ಲ. ಅಷ್ಟು ಓದಿದವಳಿಗೆ ಕಾಲ ಕೆಳಗಿರೋದು ಕಾಣಲ್ವಾ?

ಅಪ್ಪ


ಫೆಬ್ರವರಿ 9

ಅಪ್ಪನಿಗೆ,

ನೆಲ ಕಲ್ಲಿನದು. ಕಪ್ಪು ಬಿಳಿ ಚೌಕಗಳು. ನಡುವಿನ ದಾರಿಯಲ್ಲಿ ಸವೆದು ತೊಟ್ಟಿಲಿನಂತೆ ತಗ್ಗಾಗಿದೆ, ಬೆಂಚುಗಳ ಕೆಳಗೆ ನಿನ್ನೆ ಹಾಕಿದ ಹಾಗಿದೆ. ಸಂದುಗಳು ಎಷ್ಟು ಸಣ್ಣವೆಂದರೆ ಉಗುರು ತೂರುವುದಿಲ್ಲ. ತೂರಿಸಿ ನೋಡಿದೆ, ಯಾರೂ ಇಲ್ಲದಾಗ.

ನಿಮ್ಮ ಪ್ರಶ್ನೆಗಳನ್ನು ಫಾದರ್ ಬಳಿಗೇ ಒಯ್ದೆ. ಬಾಯಿ ಬಿಟ್ಟು ಕೇಳುವ ಧೈರ್ಯ ಬರದೆ ಚೀಟಿಯಲ್ಲಿ ಬರೆದು ಮುಂದಿಟ್ಟೆ. ಅವರಿಗೆ ಜೋರು ನೆಗಡಿ. ಒಂದು ಕೈಯಲ್ಲಿ ಕರವಸ್ತ್ರ, ಒಂದು ಕೈಯಲ್ಲಿ ಚೀಟಿ ಹಿಡಿದು ಎಲ್ಲವನ್ನೂ ಗಟ್ಟಿಯಾಗಿ ಓದಿದರು. ಹೊರಗೆ ಬಾಗಿಲಿಗೆ ಬಣ್ಣ ಹೊಡೆಯುತ್ತಿದ್ದವರೂ ಕೇಳಿಸಿಕೊಂಡರು.

"ಇದು ಯಾರು ಕೇಳಿದ್ದು?"

"ಅಪ್ಪ. ಬರೋಕಲ್ಲ ಫಾದರ್, ತಿಳ್ಕೊಳ್ಳೋಕೆ."

"ಹೌದೌದು. ಬರೋರೆಲ್ಲ ಮೊದಲು ಹಾಗೇ ತಿಳ್ಕೊಳ್ಳೋದು" ಎಂದು ನಕ್ಕು ಸೀನಿದರು.

ಅವರು ಹೇಳಿದ್ದು ಇಷ್ಟು. ನಾನು ನೋಡಿದ ಮದುವೆಯಲ್ಲಿ ಇಬ್ಬರೂ ಕ್ಯಾಥೊಲಿಕರು, ಹಾಗಾಗಿ ಪೂರ್ತಿ ಬಲಿಪೂಜೆ, ಅಂದರೆ ಕೊನೆಗೆ ಆ ರೊಟ್ಟಿ ಕೊಡುವ ಆರಾಧನೆ, ಇತ್ತು. ಅಕ್ಕನಿಗೆ ಕ್ರೈಸ್ತಳಾಗುವ ಜ್ಞಾನಸ್ನಾನ ಆಗಿಲ್ಲ, ಆಗಬೇಕೆಂದು ಯಾರೂ ಒತ್ತಾಯಿಸಿಯೂ ಇಲ್ಲ. ಮೇಲಿನವರಿಂದ ಅನುಮತಿ ತರಿಸಿದ್ದಾರೆ. ಅವಳ ಮದುವೆಯಲ್ಲಿ ಬಲಿಪೂಜೆ ಇರುವುದಿಲ್ಲ. ಬೈಬಲಿನ ಓದು, ಇಬ್ಬರ ಮಾತು, ಉಂಗುರ, ಆಶೀರ್ವಾದ. ಮುಕ್ಕಾಲು ಗಂಟೆ. ರೊಟ್ಟಿಯೂ ಇಲ್ಲ. ಪೈಂಟರಿಗೆ ಹೇಳಿ, ಇದ್ದಿದ್ದರೂ ನಿಮಗೆ ಕೊಡುತ್ತಿರಲಿಲ್ಲ ಎಂದು. ಅತಿಥಿಗಳು ಕೂರುವುದು, ನಿಲ್ಲುವುದು, ಅಷ್ಟೆ. ಮಂಡಿಯೂರುವುದು ಅವರಿಬ್ಬರೇ, ಕೊನೆಯ ಆಶೀರ್ವಾದಕ್ಕೆ. ನಾನು ಮೊದಲು ಬರೆದದ್ದರಲ್ಲಿ ಅರ್ಧ ಹೊಡೆದುಹಾಕಿ.

ಅಡ್ಡಿಯ ವಿಷಯ. ಆ ದಿನ ಯಾರೂ ಅದನ್ನು ಕೇಳುವುದಿಲ್ಲ. ಮೊದಲೇ ಮೂರು ಭಾನುವಾರ ಪೂಜೆಯ ಕೊನೆಗೆ ಹೆಸರು ಓದುತ್ತಾರೆ. ಅಡ್ಡಿ ಗೊತ್ತಿದ್ದವರು ಆಗ ಬಂದು ಫಾದರ್‌ಗೆ ತಿಳಿಸಬೇಕು. ಈಗಾಗಲೇ ಮದುವೆಯಾಗಿದೆ, ಹತ್ತಿರದ ರಕ್ತಸಂಬಂಧ, ಅಂಥವು. ಅಪ್ಪನ ಸಿಟ್ಟು ಆ ಪಟ್ಟಿಯಲ್ಲಿಲ್ಲ. ನಾನು ಕೇಳಿದೆ.

ಇನ್ನೊಂದು ಇದೆ. ಎರಡು ಸಲ ಬರೆದು ಹರಿದೆ, ಆದರೂ ನಿಮಗೆ ಗೊತ್ತಿರಬೇಕು. ಆ ಮದುವೆಯಲ್ಲಿ ಹುಡುಗಿಯ ಅಪ್ಪನನ್ನು ಏನನ್ನೂ ಕೇಳುವುದಿಲ್ಲ. ಹುಡುಗನ ಅಪ್ಪನನ್ನೂ ಇಲ್ಲ. ನೀವಿಬ್ಬರೂ ನಿಮ್ಮಿಷ್ಟದಿಂದಲೇ ಬಂದಿದ್ದೀರಾ ಎಂದು ಮದುವೆಯಾಗುವ ಇಬ್ಬರನ್ನು ಮಾತ್ರ ಕೇಳುತ್ತಾರೆ. "ಮದುವೆ ಮಾಡಿಸೋದು ನಾನೂ ಅಲ್ಲಮ್ಮ" ಅಂದರು ಫಾದರ್. "ಅವರಿಗೆ ಅವರೇ ಮಾಡ್ಕೊಳ್ಳೋದು. ನಾನು ನೋಡಿದೆ, ಕೇಳಿಸ್ಕೊಂಡೆ ಅಂತ ಹೇಳೋನು. ಬಂದವರೆಲ್ಲ ಅದಕ್ಕೇ ಬರೋದು."

ಮಂಡಿಗೆ ಬಿಸಿನೀರಿನ ಶಾಖ ಕೊಡಿ.

ಇಲಿಮರಿ


ಮಾರ್ಚ್ 22

ಅಪ್ಪನಿಗೆ,

ಆರು ವಾರವಾಯಿತು. ನಾನು ಬರೆಯಬಾರದ್ದನ್ನು ಬರೆದೆನೋ ಏನೋ. ಆಸ್ಪತ್ರೆಯ ಕಟ್ಟಡಕ್ಕೆ ಫೋನ್ ಮಾಡಿದ್ದೆ. ಯಾರೋ ಎತ್ತಿಕೊಂಡು, "ಟೈಲ್ಸ್ ಮೇಸ್ತ್ರೀನಾ? ಚೆನ್ನಾಗಿದ್ದಾರೆ, ಎಲ್ಲರನ್ನೂ ಬೈತಾ ಇದ್ದಾರೆ" ಅಂದರು. ಸಮಾಧಾನವಾಯಿತು.

ಅತಿಥಿಗಳ ಹಾಳೆ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾಯಿತು. ಮೆಷಿನ್ ನೋಡಿಕೊಳ್ಳುವವರು ಮೊದಲ ಪ್ರತಿ ಹಿಡಿದು, "ಏನಮ್ಮ ಇದು, ಪರೀಕ್ಷೆ ಹಾಲಿನ ಬಾಗಿಲಿಗೆ ಅಂಟಿಸೋದಾ?" ಎಂದರು. ಮನೆಗೆ ಹೋಗಿ ಪೂರ್ತಿ ಬದಲಾಯಿಸಿದೆ. ಈಗ ಮೊದಲ ಸಾಲು ಹೀಗಿದೆ: "ಏನು ಮಾಡಬೇಕೆಂದು ತಿಳಿಯದಿದ್ದರೆ ಪಕ್ಕದವರನ್ನು ನೋಡಿ, ಅವರೂ ನಿಮ್ಮನ್ನೇ ನೋಡುತ್ತಿದ್ದರೆ ಇಬ್ಬರೂ ಕೂತಿರಿ."

ಅಕ್ಕ ಕನ್ನಡಕದ ಅಂಗಡಿಯಿಂದ ಬಂದವಳು ಕೈಚೀಲವನ್ನೂ ಕೆಳಗಿಡದೆ ಓದಿದಳು. ದಿನವಿಡೀ ಬೇರೆಯವರ ಕಣ್ಣು ಪರೀಕ್ಷಿಸುವವಳು ತಾನು ಓದುವಾಗ ಹಾಳೆಯನ್ನು ಮೂಗಿಗೆ ತಾಗಿಸಿಕೊಳ್ಳುತ್ತಾಳೆ. ಮೊದಲ ಸಾಲಿಗೆ ನಕ್ಕಳು. ಆಮೇಲೆ ಹಾಳೆಯನ್ನು ಮಡಚಿ ಕೈಚೀಲಕ್ಕೆ ಹಾಕಿದಳು.

"ಅಪ್ಪನಿಗೆ ಕಳ್ಸಿದ್ಯಾ?"

"ಹೂಂ."

"ಏನಂದ್ರು?"

"ನೆಲ ಯಾವುದು ಅಂದ್ರು."

ಅದಕ್ಕೂ ನಕ್ಕಳು. ಆದರೆ ಈ ಸಲ ಮುಖ ತಿರುಗಿಸಿಕೊಂಡು.

ಭಾವನ ತಂದೆ, ಒಳಗೆ ನಡೆದು ಬರುವಾಗ ಬೇಕಾದರೆ ತಾನು ಅವಳ ಜೊತೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದರು. ಒಳ್ಳೆಯ ಮನುಷ್ಯ, ಮನಸ್ಸಿನಿಂದಲೇ ಹೇಳಿದ್ದು. "ಬೇಡ ಅಂತ ಹೇಳಿ. ನಾನೇ ನಡೀತೀನಿ" ಅಂದಳು ಅಕ್ಕ. ಯಾಕೆಂದು ಯಾರೂ ಕೇಳಲಿಲ್ಲ. ಅಮ್ಮ ಇದ್ದಿದ್ದರೆ ಕೇಳುತ್ತಿದ್ದಳೇನೋ.

ಇಲಿಮರಿ


ಏಪ್ರಿಲ್ 6

ಇಲಿಮರಿಗೆ,

ಬರೀಬಾರದ್ದೇನೂ ನೀನು ಬರೀಲಿಲ್ಲ. ನನಗೆ ಬರೆಯೋದು ನಿಧಾನ.

ಅಪ್ಪನನ್ನ ಏನೂ ಕೇಳಲ್ಲ ಅಂತ ಓದಿದ ದಿನ ಎರಡು ಟೈಲ್ಸ್ ಒಡೆದೆ. ಆಮೇಲೆ ಯೋಚನೆ ಮಾಡ್ತಾ ಹೋದೆ. ಹುಡುಗನ ಅಪ್ಪನನ್ನೂ ಕೇಳಲ್ಲ, ಪಾದ್ರಿಯೂ ಬರೀ ಸಾಕ್ಷಿ. ಹಾಗಿದ್ರೆ ಅವಳು ನನ್ನೊಬ್ಬನನ್ನೇ ಬಿಟ್ಟಿದ್ದಲ್ಲ. ಆ ಮಾತು ಎದೆಯಿಂದ ಹೋಯ್ತು. ಪೂರ್ತಿ ಅಲ್ಲ, ಒಂದು ಚೂರು ಉಳ್ಕೊಂಡಿದೆ. ಅದು ಇರ್ಲಿ.

ಎದೆಯಿಂದ ಹೋಗದೇ ಇರೋದು ಇನ್ನೊಂದು. ಮಂಡಿಯೂರೋದು ಅವರಿಬ್ಬರೇ ಅಂತ ಬರೆದೆಯಲ್ಲ, ಅದು. ನಾನು ನನ್ನ ಮಂಡಿ ಯೋಚನೆ ಮಾಡ್ತಿದ್ದೆ. ಅವಳ ಮಂಡಿ ನೆನಪಾಗಿರ್ಲಿಲ್ಲ.

ನೀನಾಗ ಇನ್ನೂ ಮಗು, ಅವಳಿಗೆ ಏಳು ವರ್ಷ. ನಾನು ಕೆಲಸದಿಂದ ಬಂದಾಗ ಅಮ್ಮನ ಹಳೇ ಬಟ್ಟೆಯನ್ನ ನನ್ನ ಹಾಗೆ ಮಂಡಿಗೆ ಸುತ್ಕೊಂಡು, ಅಡುಗೆಮನೇಲಿ ಮಂಡಿಯೂರಿ ಚಮಚದಲ್ಲಿ ನೆಲ ಕುಟ್ತಾ ಇದ್ದಳು. "ಅಪ್ಪ, ನಾನೂ ಮೇಸ್ತ್ರಿ" ಅಂದಳು. ಹೊಡೆದುಬಿಟ್ಟೆ. ಕೆನ್ನೆಗೆ. ಮಕ್ಕಳ ಮೇಲೆ ನಾನು ಕೈ ಎತ್ತಿದ್ದು ಅದೊಂದೇ ಸಲ. ಅವತ್ತು ಯಾರೋ ದೊಡ್ಡವರ ಮನೇಲಿ, ನಾನು ಕೆಳಗೆ ಕೂತು ಕೆಲಸ ಮಾಡ್ತಿದ್ರೆ ಆ ಮನೆಯವನು ನನ್ನ ಬೆನ್ನು ದಾಟ್ಕೊಂಡು ಹೋದ. ಪಕ್ಕದಲ್ಲಿ ಜಾಗ ಇತ್ತು. ಅದನ್ನ ಹೊತ್ಕೊಂಡು ಮನೆಗೆ ಬಂದಿದ್ದೆ. ನನ್ನ ಮಕ್ಕಳು ಯಾರ ಮುಂದೂ ಮಂಡಿಯೂರಬಾರ್ದು ಅಂತ ಅವತ್ತು ಅಂದ್ಕೊಂಡೆ. ನಿಮ್ಮನ್ನ ಓದಿಸಿದ್ದು ಅಷ್ಟಕ್ಕೇ.

ಈಗ ಇನ್ನೂರು ಜನರ ಮುಂದೆ ಅವಳು ಮಂಡಿಯೂರ್ತಾಳೆ, ನಾನು ಕೂತು ನೋಡ್ಬೇಕು. ನನ್ನ ಕೈಲಾಗಲ್ಲ ಮಗಾ. ಅದು ದೇವರ ಮುಂದೆ, ಬೇರೆ ಅಂತ ಪೈಂಟರ್ ಹೇಳ್ತಾನೆ. ಇರಬಹುದು. ನನ್ನ ಕಣ್ಣಿಗೆ ಮಂಡಿ ಅಂದ್ರೆ ಮಂಡಿ.

ಇದನ್ನ ಅವಳಿಗೆ ತೋರಿಸ್ಬೇಡ. ಕೆಲಸ ಇತ್ತು, ಬರಲಿಲ್ಲ ಅನ್ನು.

ಅಪ್ಪ


ಏಪ್ರಿಲ್ 26, ಭಾನುವಾರ

ಅಪ್ಪನಿಗೆ,

ನಿಮ್ಮ ಪತ್ರವನ್ನು ಯಾರಿಗೂ ತೋರಿಸಿಲ್ಲ. ಉತ್ತರ ಬರೆಯಲು ಕೂತು ದೊಡ್ಡ ದೊಡ್ಡ ಮಾತು ಹುಡುಕಿದೆ. ಒಂದೂ ನಿಮ್ಮ ಮುಂದೆ ನಿಲ್ಲುವಂಥದಲ್ಲ. ಆದ್ದರಿಂದ ಇವತ್ತು ನೋಡಿದ್ದನ್ನು ಮಾತ್ರ ಬರೆಯುತ್ತೇನೆ.

ಮೂರನೆಯ ಭಾನುವಾರದ ಹೆಸರು ಓದುವುದು ಇವತ್ತು ಮುಗಿಯಿತು. ಯಾರೂ ಅಡ್ಡಿ ಹೇಳಲಿಲ್ಲ. ಹೆಸರು ಓದುವಾಗ ಅಕ್ಕ ಮೂರು ವಾರವೂ ಒಂದು ಸಲ ಬಾಗಿಲ ಕಡೆ ನೋಡಿದಳು. ಭಯದಿಂದಲೋ ಆಸೆಯಿಂದಲೋ ನನಗೆ ತಿಳಿಯಲಿಲ್ಲ.

ಜನ ಹೋದ ಮೇಲೆ ಫಾದರ್ ಮದುವೆಯ ಅಭ್ಯಾಸ ಮಾಡಿಸಿದರು. ನಾನು ಅಕ್ಕನ ಪಕ್ಕ ಹೂ ಹಿಡಿದು ನಿಲ್ಲಬೇಕಂತೆ, ಆಮೇಲೆ ಪುಸ್ತಕದಲ್ಲಿ ಸಾಕ್ಷಿಯ ಸಹಿ. ಹೂ ಇಲ್ಲದ್ದರಿಂದ ಒಂದು ಪೊರಕೆ ಹಿಡಿದು ನಿಂತಿದ್ದೆ. ಆಶೀರ್ವಾದದ ಹೊತ್ತಿಗೆ ಅವರಿಬ್ಬರೂ ಮಂಡಿಯೂರಿದರು. ಮಂಡಿಗೆ ಮೆತ್ತನೆಯ ಒಂದೇ ಉದ್ದ ಮಣೆ. ಭಾವ ಉದ್ದ ಮನುಷ್ಯ, ಮಡಚುವ ಏಣಿಯ ಹಾಗೆ ಎರಡು ಕಂತಿನಲ್ಲಿ ಕೆಳಗಿಳಿದರು. ಮಂಡಿ ಚಟ್ ಅಂದಿತು. ಇಡೀ ಚರ್ಚಿಗೆ ಕೇಳಿಸಿತು. "ಫ್ರಿಜ್ಜಿಗೆ ಹಾಕೋ ಎಣ್ಣೆ ಸ್ವಲ್ಪ ಅಲ್ಲಿಗೂ ಹಾಕ್ಕೊಂಡು ಬಾಪ್ಪ" ಅಂದರು ಫಾದರ್. ಅಕ್ಕ ಮಂಡಿಯೂರಿಕೊಂಡೇ ಹೊಟ್ಟೆ ಹಿಡಿದು ನಕ್ಕಳು.

ನಾನು ಗಡಿಯಾರ ನೋಡಿಕೊಂಡೆ. ಎರಡು ನಿಮಿಷವೂ ಇಲ್ಲ. ಅಷ್ಟು ಹೊತ್ತು ಉಳಿದವರೆಲ್ಲ ಎದ್ದು ನಿಂತಿರಬೇಕು. ಅವರಿಬ್ಬರು ಕೆಳಗೆ, ನಾವು ಮೇಲೆ. ಮಗುವಿನ ತಲೆ ಮೇಲೆ ಕೈಯಿಡಲು ದೊಡ್ಡವರಿಗೆ ಬೇಕಾಗುವ ಎತ್ತರ ಅದು, ಅಷ್ಟೇ ಅಂತರ ನನಗೆ ಕಂಡದ್ದು. ಅವರ ಬೆನ್ನಿನ ಹತ್ತಿರ ಯಾರೂ ಸುಳಿಯಲಿಲ್ಲ.

ಏಳುವಾಗ ಭಾವ ಕೈ ಕೊಟ್ಟರು. ಅಕ್ಕ ಹಿಡಿಯಲಿಲ್ಲ. ಎಡಗೈಯನ್ನು ತೊಡೆಯ ಮೇಲೆ ಊರಿ, ಒಂದು ಉಸಿರು ಬಿಟ್ಟು, ಬಲಗಾಲು ಮುಂದಿಟ್ಟು ಎದ್ದಳು. ಎದ್ದವಳೇ ಎರಡು ಕೈಯನ್ನೂ ಒಂದಕ್ಕೊಂದು ಕೊಡವಿಕೊಂಡಳು, ಕೈಯಲ್ಲಿ ಸಿಮೆಂಟಿದ್ದ ಹಾಗೆ. ಅಪ್ಪ, ದಿನದ ಕೊನೆಯ ಕಲ್ಲು ಕೂರಿಸಿ ನೀವು ಏಳುವುದು ಹೀಗೇ. ಅವಳಿಗೆ ಅದು ಗೊತ್ತಿಲ್ಲ. ನಾನು ಹೇಳಲಿಲ್ಲ.

ಬರುವ ದಾರಿಯಲ್ಲಿ ಕೇಳಿದೆ, "ಚಿಕ್ಕವಳಿದ್ದಾಗ ಅಪ್ಪ ನಿನಗೆ ಯಾವತ್ತಾದ್ರೂ ಹೊಡೆದಿದ್ರಾ?"

"ಒಂದೇ ಸಲ. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಹೊಡೆದ್ರು, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ರು. ಅಳೋದು ಕೇಳಿಸ್ಬಾರ್ದು ಅಂತ. ಕೇಳಿಸ್ತು." ಸ್ವಲ್ಪ ದೂರ ನಡೆದ ಮೇಲೆ, "ನನಗೆ ಹೊಡೆತ ಮರೆತುಹೋಗಿದೆ ಕಣೇ. ಆ ನಲ್ಲಿ ಸದ್ದು ಮರೆತಿಲ್ಲ" ಅಂದಳು.

ಇಷ್ಟೇ ನಾನು ನೋಡಿದ್ದು, ಕೇಳಿದ್ದು.

ಇಲಿಮರಿ


ಮೇ 2

ಇಲಿಮರಿಗೆ,

ಬರೋ ಶನಿವಾರ ಮೊದಲ ಬಸ್ಸಿಗೆ ಬರ್ತೀನಿ. ಗ್ಯಾರಂಟಿ ಇಲ್ಲ. ಬಸ್ ಸ್ಟ್ಯಾಂಡಿಂದ ತಿರುಗಿ ಹೋದ್ರೂ ಹೋದೆ. ಅದಕ್ಕೇ ಅವಳಿಗೆ ಹೇಳ್ಬೇಡ. ಬರ್ತೀನಿ ಅಂತ ಹೇಳಿ ಬರದಿದ್ರೆ ಅದು ಎರಡನೇ ಏಟು.

ಬಂದ್ರೆ ಹಿಂದೆ, ಕೊನೇ ಬೆಂಚಲ್ಲಿ, ಬಾಗಿಲ ಕಡೆ ತುದೀಲಿ ಕೂರ್ತೀನಿ. ನೋಡೋಕಾಗದಿದ್ರೆ ಎದ್ದು ಹೊರಟೆ. ಆಗೋದಾದ್ರೆ ಎಲ್ಲ ಮುಗಿದ ಮೇಲೆ ನಾನೇ ಅವಳನ್ನ ಮಾತಾಡಿಸ್ತೀನಿ. ನೀನು ಮುಂದೆ ನಿಂತವಳು ಹಿಂದಕ್ಕೆ ತಿರುಗ್ಬೇಡ, ನೀನು ತಿರುಗಿದ್ರೆ ಅವಳೂ ತಿರುಗ್ತಾಳೆ.

ಒಂದೇ ಚಿಂತೆ. ಆಶೀರ್ವಾದಕ್ಕೆ ಎಲ್ಲರೂ ನಿಲ್ಲಬೇಕು ಅಂದೆಯಲ್ಲ. ನಿಲ್ಲೋಕೆ ನನಗೆ ಇಷ್ಟ ಇದೆ. ಆದರೆ ಕೂತಲ್ಲಿಂದ ಏಳೋದು ಈಗೀಗ ಒಬ್ಬನ ಕೈಲಿ ಆಗ್ತಿಲ್ಲ. ಗುರುತಿಲ್ಲದವರ ಕೈ ಹಿಡಿಯೋಕೆ ನನಗೆ ಬರಲ್ಲ, ನಿನಗೆ ಗೊತ್ತು. ನೋಡೋಣ.

ಉತ್ತರ ಬರೀಬೇಡ. ಬರೆದ್ರೆ ಮನಸ್ಸು ಬದಲಾಯಿಸ್ತೀನಿ.

ಅಪ್ಪ


ಮೇ 7, ಗುರುವಾರ

ಅಕ್ಕನಿಗೆ,

ಒಂದೇ ಮನೆಯಲ್ಲಿದ್ದು ಪತ್ರ ಬರೆಯುತ್ತಿದ್ದೇನೆ ಎಂದು ನಗಬೇಡ. ಮುಖ ನೋಡಿ ಹೇಳಿದರೆ ನೀನು ಮೂರು ಪ್ರಶ್ನೆ ಕೇಳುತ್ತೀಯ, ಮೂರನೆಯದಕ್ಕೆ ನಾನು ಸಿಕ್ಕಿಬೀಳುತ್ತೇನೆ. ನೀನು ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ನಾನು ಪ್ರೆಸ್ಸಿಗೆ ಹೋಗಿರುತ್ತೇನೆ.

ಶನಿವಾರ ನಾನು ನಿನ್ನ ಪಕ್ಕ ನಿಲ್ಲುವುದಿಲ್ಲ. ಅಷ್ಟು ಜನ ನನ್ನ ಕಡೆ ನೋಡಿದರೆ ನನಗೆ ಕಾಲು ನಡುಗುತ್ತದೆ, ನಿನಗೆ ಗೊತ್ತಿರುವುದೇ. ಶಾಲೆಯಲ್ಲಿ ಪದ್ಯ ಹೇಳಲು ಹೋಗಿ ಪರದೆಯ ಹಿಂದೆ ಕೂತವಳು ನಾನು. ಭಾವನ ತಂಗಿಯನ್ನು ಕೇಳಿದ್ದೇನೆ. ಹೂ ಹಿಡಿಯಲೂ ಸಹಿ ಹಾಕಲೂ ಒಪ್ಪಿದ್ದಾಳೆ. ಫಾದರ್‌ಗೂ ತಿಳಿಸಿದೆ. ಅವರು ಯಾಕೆಂದು ಕೇಳಲಿಲ್ಲ. ನೀನೂ ಕೇಳಬೇಡ.

ನಿನಗೆ ಬೇಸರವಾಗುತ್ತದೆ. ಅಮ್ಮ ಇಲ್ಲ, ಇರುವವಳು ನಾನೊಬ್ಬಳು, ನಾನೂ ಹಿಂದೆ ಸರಿದೆ ಎಂದು ಅನಿಸುತ್ತದೆ. ನಾನು ತಪ್ಪು ಮಾಡುತ್ತಿದ್ದರೂ ಇರಬಹುದು. ಹಾಗಾದರೆ ಆಮೇಲೆ ಎಷ್ಟು ಬೇಕಾದರೂ ಬೈ, ಕಾರಣ ಮಾತ್ರ ನನ್ನ ಬಾಯಿಂದ ಬರುವುದಿಲ್ಲ.

ಒಳಗೆ ಬರುವಾಗ ನೀನು ಹೇಳಿದ ಹಾಗೆ ನೀನೇ ನಡೆದು ಬಾ, ನಿಧಾನವಾಗಿ. ಎದುರಿಗೆ ನೋಡು. ನಾನು ಕೊನೆಯ ಬೆಂಚಿನಲ್ಲಿ, ಬಾಗಿಲ ಕಡೆಯ ತುದಿಯ ಜಾಗ ಬಿಟ್ಟು ಅದರ ಪಕ್ಕದಲ್ಲಿ ಕೂರುತ್ತೇನೆ. ಆಶೀರ್ವಾದಕ್ಕೆ ಎಲ್ಲರೂ ಎದ್ದು ನಿಂತ ಮೇಲೆ, ಸ್ವಲ್ಪ ತಡವಾಗಿ ಹಿಂದೆಲ್ಲೋ ಬೆಂಚು ಕಿರುಗುಟ್ಟಿದರೆ ತಿರುಗಬೇಡ. ಅಲ್ಲಿ ನಾನಿದ್ದೇನೆ.

ನಿನ್ನ
ತಂಗಿ